ಗಾಳಿ ಮಾತು

ಪೆಟ್ರೋಲ್ ಬಂಕಿನಲ್ಲಿ ಗಾಳಿ ಫ್ರೀ. ಆದರೆ ಗಾಳಿ ಹೊಡೆಯುವ ಹುಡುಗ ಸಿಗುವುದಿಲ್ಲ. ಅವನು ಊಟಕ್ಕೆ ಹೋಗಿರುತ್ತಾನೆ, ಇಲ್ಲಾಂದ್ರೆ ಮಿಷನ್ ಕೆಟ್ಟಿರುತ್ತದೆ. ಎರಡೂ ಸರಿಯಿದ್ದ ದಿನ ನಮ್ಮ ಮುಂದೆ ಒಂದು ಲಗೇಜ್ ಆಟೋ ಮೂರು ಚಕ್ರ ಚಾಚಿಕೊಂಡು ನಿಂತಿರುತ್ತದೆ. ಹೀಗೇ ಕಾದು ಕಾದು ಆಫೀಸಿಗೆ ತಡವಾದ ದಿನ, ಸಂಜೆ ಮನೆಗೆ ಬಂದವಳೇ "ಕಾರಿನ ಟೈರಿಗೆ ನಾವೇ ಒಂದು ಗಾಳಿ ಮಿಷನ್ ತಗೊಂಡ್ಬಿಡೋಣ ರೀ" ಅಂದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ.

ನಮ್ಮ ಯಜಮಾನರು ಯಾವ ವಸ್ತು ಕೊಳ್ಳುವ ಮೊದಲೂ ಒಂದು ಸ್ಟಾರ್ ಕೊಟ್ಟವರ ರಿವ್ಯೂ ಮಾತ್ರ ಓದುತ್ತಾರೆ. "ಹೊಗಳೋರಿಗೆ ದುಡ್ಡು ಕೊಟ್ಟಿರ್ತಾರೆ ಕಣೇ. ಬೈಯೋರು ಸ್ವಂತ ಖರ್ಚಲ್ಲಿ ಬೈತಾರೆ" ಅನ್ನುವುದು ಅವರ ವಾದ. ಸುಮ್ನೆ ಓದಿಕೊಂಡರೆ ಯಾರಿಗೆ ಏನು ತೊಂದರೆ? ಊಟಕ್ಕೆ ಕೂತಾಗ ಜೋರಾಗಿ ಓದುತ್ತಾರೆ. ಡಬ್ಬ ಜಜ್ಜಿಹೋಗಿತ್ತು ಅಂತ ಒಬ್ಬ ಒಂದು ಸ್ಟಾರ್ ಕೊಟ್ಟಿದ್ದಾನೆ. ಇನ್ನೊಬ್ಬನ ಮನೆ ಡೆಲಿವರಿ ಹುಡುಗನಿಗೆ ಸಿಗಲಿಲ್ಲವಂತೆ. ಮತ್ತೊಬ್ಬರು ಅದರಿಂದ ಬಲೂನಿಗೆ ಗಾಳಿ ತುಂಬಿ, ಬಲೂನು ಒಡೆದುಹೋಯಿತು ಅಂತ ಬೈದಿದ್ದಾರೆ. "ಪಾಪ, ಮಗು ಹೆದರಿರತ್ತೆ" ಅಂದವರೇ ಆ ಮಿಷನ್ನನ್ನು ಪಟ್ಟಿಯಿಂದ ತೆಗೆದುಹಾಕಿದರು. ನಮ್ಮ ಮನೆಯಲ್ಲಿ ಸಣ್ಣ ಮಕ್ಕಳೂ ಇಲ್ಲ, ಬಲೂನೂ ಇಲ್ಲ.

"ಶಬ್ದ ಜಾಸ್ತಿ" ಅಂತ ಯಾರೋ ಬರೆದ ದಿನ ಇನ್ನೂ ಮಜಾ. ಎರಡು ಮಿಷನ್‌ಗಳ ವಿಡಿಯೋ ಹಾಕಿ, ಮೊಬೈಲನ್ನು ನನ್ನ ಕಿವಿಗೆ ಹಿಡಿದು, "ಇದು ಜೋರೋ, ಮೊದಲಿನದು ಜೋರೋ?" ಅಂತ ಪರೀಕ್ಷೆ. ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಎರಡೂ ಒಣಕೊಬ್ಬರಿ ಹಾಕಿದ ಮಿಕ್ಸಿ ಥರಾನೇ ಕೇಳಿಸಿದವು.

ಅವರು ಹೇಳಿದ್ದೆಲ್ಲ ದಂಡ ಅಂತಲ್ಲ. ಪಿಎಸ್ಐ ಅಂದರೆ ಗಾಳಿಯ ಒತ್ತಡದ ಅಳತೆ; ಡಬ್ಬದ ಮೇಲೆ 150 ಪಿಎಸ್ಐ ಅಂತ ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡ ಅಂದರು. ನಮ್ಮ ಕಾರಿಗೆ ಬೇಕಿರುವುದು 33. ಡ್ರೈವರ್ ಬಾಗಿಲು ತೆಗೆದರೆ ಪಕ್ಕದಲ್ಲೇ ಅಂಟಿಸಿರುವ, ಯಾರೂ ಓದದ ಚೀಟಿಯಲ್ಲಿ ಅದು ಇದೆ. ನೋಡಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ತಳ್ಳುತ್ತದೆ, ಎಷ್ಟು ಹೊತ್ತು ಓಡಿದ ಮೇಲೆ ತಣಿಯಲು ಬಿಡಬೇಕು, ಹೇಳಿದ ಅಂಕಿ ಮುಟ್ಟಿದ ತಕ್ಷಣ ತಾನೇ ನಿಲ್ಲುತ್ತದಾ ಅನ್ನುವುದು. ಆಮೇಲೆ ವೈರಿನ ಉದ್ದ. ಇದಕ್ಕೆ ನನ್ನದೂ ಒಂದು ಓಟು. 12 ವೋಲ್ಟಿನ ಸಾಕೆಟ್ ಇರುವುದು ಗೇರಿನ ಹತ್ತಿರ, ಗಾಳಿ ಹೋಗುವುದು ಹಿಂದಿನ ಚಕ್ರದ್ದೇ ಅಲ್ವಾ?

ನಮ್ಮದೂ ಹಿಂದಿನದೇ, ಎಡಗಡೆಯದು. ಇಷ್ಟೆಲ್ಲ ಓದಿ ಮುಗಿಯುವಷ್ಟರಲ್ಲಿ ಅರ್ಧ ಕೂತುಬಿಟ್ಟಿತ್ತು. ಕೊನೆಗೆ ಅವರು ಸ್ನಾನಕ್ಕೆ ಹೋದಾಗ ನಾನೇ ಆರ್ಡರ್ ಮಾಡಿದೆ. ಐದು ಸ್ಟಾರ್ ನೋಡಿಕೊಂಡೇ.

ತಿಪಟೂರಿನ ನಮ್ಮ ಬೀದಿಯ ಸೈಕಲ್ ಶಾಪಿನ ಪಂಪಿಗೆ ಪಿಎಸ್ಐ ಗಿಎಸ್ಐ ಏನೂ ಇರಲಿಲ್ಲ. ಕಾಲಲ್ಲಿ ಮೆಟ್ಟಿಕೊಂಡು ಹೊಡೆಯಬೇಕು. ಒಳಗಿನ ಚರ್ಮದ ವಾಷರ್ ಒಣಗಿದ್ದರೆ ಎರಡು ತೊಟ್ಟು ಎಣ್ಣೆ ಬಿಡಬೇಕು. ಅಪ್ಪ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ "ಸಾಕು" ಅಂದರೆ ಸಾಕು. ಆ ಹೆಬ್ಬೆರಳಿಗೆ ಯಾರ ರಿವ್ಯೂನೂ ಬೇಕಿರಲಿಲ್ಲ.

ಇವತ್ತು ಬೆಳಿಗ್ಗೆ ಮಿಷನ್ನಿನ ಉದ್ಘಾಟನೆ ಆಯಿತು. ಬೇಸ್‌ಮೆಂಟಿನಲ್ಲಿ ಆ ಸದ್ದಿಗೆ ವಾಚ್‌ಮನ್ ಓಡಿ ಬಂದ. ಹಾಗೆ ನೋಡಿದರೆ ಮಿಷನ್ ಒಳ್ಳೆಯದೇ. 33 ಮುಟ್ಟಿತು, ತಾನೇ ನಿಂತಿತು. ನಾನು ಕಾಫಿಗೆ ಹೊರಟೆ. ಯಜಮಾನರು ಕಾರು ತೆಗೆದುಕೊಂಡು ಸೀದಾ ಪೆಟ್ರೋಲ್ ಬಂಕಿಗೆ ಹೊರಟರು, ಮಿಷನ್ ನಿಜ ಹೇಳುತ್ತಿದೆಯಾ ಅಂತ ನೋಡಲು! ಅಲ್ಲಿ 36 ತೋರಿಸಿತಂತೆ.

"ಓಡಿಸಿದರೆ ಟೈರು ಬಿಸಿಯಾಗಿ ಜಾಸ್ತಿ ತೋರಿಸತ್ತೆ, ತಣ್ಣಗಿದ್ದಾಗಲೇ ನೋಡಬೇಕು ಅಂತ ನೀವೇ ತಾನೇ ಹೇಳಿದ್ದು?" ಅಂದೆ.

"ಬಿಸಿಗೆ ಇಷ್ಟೊಂದು ಏರತ್ತಾ? ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದಾರೆ ಕಣೇ. ಗಾಳಿ ಅಳೆಯೋ ಒಂದು ಬೇರೆ ಗೇಜ್ ತಗೊಂಡ್ರೆ ಗೊತ್ತಾಗ್ಬಿಡತ್ತೆ."

ಈಗ ಸೋಫಾದಲ್ಲಿ ಕೂತು ಗೇಜುಗಳ ರಿವ್ಯೂ ಓದುತ್ತಿದ್ದಾರೆ. ಒಬ್ಬನಿಗೆ ಅದರ ಬಣ್ಣ ಹಿಡಿಸಲಿಲ್ಲವಂತೆ. ಸೋಮವಾರದಿಂದ ಮೆಟ್ರೋದಲ್ಲೇ ಹೋಗುತ್ತೇನೆ ಅಂತ ನಾನು ಹೇಳಿಬಿಟ್ಟಿದ್ದೇನೆ. ಅದಕ್ಕೆ ಉಕ್ಕಿನ ಚಕ್ರ, ಗಾಳಿ ಕೇಳುವುದಿಲ್ಲ.