ಮುನ್ನೂರು ಕುದುರೆ, ಒಂದು ಲಾರಿ

ನಮ್ಮೂರಿಗೆ ಈ ಹೆಸರು ಹೇಗೆ ಬಂತು ಅಂತ ಹಿರಿಯರು ಒಂದು ಕಥೆ ಹೇಳುತ್ತಾರೆ. ಹಿಂದೆ ದಂಡಿನವರು ದೂರದಿಂದ ಬಂದು ಇಲ್ಲಿನ ಕೆರೆ ದಡದಲ್ಲಿ ಕುದುರೆ ಬಿಚ್ಚಿ, ನೀರು ಕುಡಿಸಿ, ದಣಿವಾರಿಸಿಕೊಳ್ಳುತ್ತಿದ್ದರಂತೆ. ದಣಿವಿನ ಕೆರೆ ಬರಬರುತ್ತಾ ದಾವಣಗೆರೆ ಆಯಿತಂತೆ. ಕಥೆ ನಿಜವೋ ಸುಳ್ಳೋ, ಇತಿಹಾಸ ಓದಿದವರು ಜಗಳ ಆಡಿಕೊಳ್ಳಲಿ. ನಾನಂತೂ ನಂಬಿದ್ದೇನೆ. ಯಾಕೆಂದರೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿರುವ ನನ್ನ ಷಡ್ಡಕನ ಮನೆ ಮುಂದೆ ಮುನ್ನೂರು ಕುದುರೆಗಳು ಹದಿನಾಲ್ಕು ತಿಂಗಳಿಂದ ದಣಿವಾರಿಸಿಕೊಳ್ಳುತ್ತಿವೆ.

ಮುನ್ನೂರು ಹಾರ್ಸ್‌ಪವರ್‌ನ ಜರ್ಮನಿ ಕಾರು. ಆರು ಸಿಲಿಂಡರ್, ಟರ್ಬೋ, ಪೆಟ್ರೋಲ್. ಸೆಕೆಂಡ್‌ಹ್ಯಾಂಡ್. ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೆ ಕಂಪನಿಯವರಿಗಿಂತ ಮೊದಲು ಷಡ್ಡಕನೇ ನನಗೆ ನೋಟಿಸ್ ಕಳಿಸುತ್ತಾನೆ.

ಅವನಿಗೆ ಚನ್ನಗಿರಿ ಕಡೆ ಅಡಿಕೆ ತೋಟ ಇದೆ. ಒಂದು ವರ್ಷ ಅಡಿಕೆಗೆ ಒಳ್ಳೆ ರೇಟು ಸಿಕ್ಕಿತು. ರೇಟು ಸಿಕ್ಕ ವರ್ಷ ನಮ್ಮ ಕಡೆಯ ಮನುಷ್ಯ ಸುಮ್ನೆ ಕೂರುವುದಿಲ್ಲ. ಒಂದು ಸೈಟು ತೆಗೆದುಕೊಳ್ಳುತ್ತಾನೆ, ಇಲ್ಲಾ ಎಲೆಕ್ಷನ್ನಿಗೆ ನಿಲ್ಲುತ್ತಾನೆ. ಇವನು ಕಾರು ತಂದ.

"ಅಣ್ಣಾರೇ, ಹೊಸದಕ್ಕೆ 62 ಲಕ್ಷ. ನನಗೆ ಸಿಕ್ಕಿದ್ದು 13ಕ್ಕೆ. 49 ಲಕ್ಷ ಉಳೀತು ನೋಡ್ರಿ!"

ಆ 49 ಲಕ್ಷ ಈಗ ಯಾವ ಬ್ಯಾಂಕಿನಲ್ಲಿದೆ ಅಂತ ಕೇಳಬೇಕು ಅನ್ನಿಸಿತು. ಬೆಣ್ಣೆ ದೋಸೆ ಕೊಡಿಸುತ್ತಿದ್ದ, ಅದಕ್ಕೇ ಸುಮ್ಮನಾದೆ.

ಕಾರು ಬಂದದ್ದು ದೆಹಲಿಯಿಂದ. ಹೊಗೆ ಜಾಸ್ತಿಯಾಯಿತು ಅಂತ ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಹೌದು ಅಂದಿತು. ಆಮೇಲೂ ಅದರ ಹಗ್ಗಜಗ್ಗಾಟ ನಡೆದೇ ಇದೆ. ಅಲ್ಲಿನ ಸಾಹುಕಾರರು ತೀರ್ಪು ಕಾಯುತ್ತಾ ಕೂರುವವರಲ್ಲ. ಕಾರಿಗೆ ಹನ್ನೊಂದು ತುಂಬುವಷ್ಟರಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಹೀಗೆ ದೆಹಲಿಯಲ್ಲಿ ವಾನಪ್ರಸ್ಥಕ್ಕೆ ಹೊರಟ ಕಾರು ದಾವಣಗೆರೆಗೆ ಬಂದು ಮದುವಣಗಿತ್ತಿ ಆಗುತ್ತದೆ. ಮಾರಿದ ದಲ್ಲಾಳಿ "ಡಾಕ್ಟರ್ ಓಡಿಸಿದ ಗಾಡಿ ಸರ್" ಅಂದಿದ್ದನಂತೆ. ನಮ್ಮ ದೇಶದಲ್ಲಿ ಸೆಕೆಂಡ್‌ಹ್ಯಾಂಡ್ ಕಾರುಗಳನ್ನೆಲ್ಲಾ ಡಾಕ್ಟರುಗಳೇ ಓಡಿಸಿರುತ್ತಾರೆ. ಪಾಪ, ರೋಗಿಗಳನ್ನು ಯಾವಾಗ ನೋಡುತ್ತಾರೋ!

ಲಾರಿ ಮೇಲೆ ಕೂತು ಕಾರು ಊರಿಗೆ ಬಂತು. ದುಗ್ಗಮ್ಮನ ಗುಡಿ ಮುಂದೆ ಪೂಜೆ ಆಯಿತು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಆವತ್ತು ಆ ಕಾರಿನ ಮೇಲೆ ಸುರಿದ ಕಡಿಮೆ ಖರ್ಚು ಅಂದರೆ ಆ ನಿಂಬೆಹಣ್ಣಿನದೇ. ಆಮೇಲೆ ಎಲ್ಲರಿಗೂ ಮಂಡಕ್ಕಿ, ಮಿರ್ಚಿ. ಗೆಳೆಯರ ಬಳಗದವರು ಓಣಿ ತುದಿಯಲ್ಲಿ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಕಾರು ದೊಡ್ಡದು, ಷಡ್ಡಕ ಚಿಕ್ಕವನು, ಮೂಲೆಯಲ್ಲಿ ಹದಿನೆಂಟು ಜನ ಶುಭಕೋರುವವರು. ಆ ಹದಿನೆಂಟು ಜನರಲ್ಲಿ ಒಬ್ಬನಾದರೂ ಮುಂದೆ ಕಾರು ತಳ್ಳಲು ಬಂದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಮೊದಲ ಏಟು ಬಿದ್ದದ್ದು ಲೈಫ್ ಟ್ಯಾಕ್ಸಿನದು. ಹೊರ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ಇಲ್ಲಿನ ನಂಬರ್ ಹಾಕಿಸಲೇಬೇಕು. ಕೆಎ 17 ಬೇಕೆಂದರೆ ತೆರಿಗೆ ಕಟ್ಟಬೇಕು. ಅದನ್ನು ನೀವು ಕೊಟ್ಟ 13 ಲಕ್ಷದ ಮೇಲೆ ಲೆಕ್ಕ ಹಾಕುವುದಿಲ್ಲ. ಕಾರು ಹೊಸದಿದ್ದಾಗ ಎಷ್ಟಿತ್ತೋ ಅದರ ಮೇಲೆ ಹಾಕಿ, ವಯಸ್ಸಿಗೆ ತಕ್ಕಂತೆ ಒಂದಿಷ್ಟು ಕಳೆಯುತ್ತಾರೆ. 20 ಲಕ್ಷ ದಾಟಿದ ಹೊಸ ಕಾರಿಗೆ ನಮ್ಮ ರಾಜ್ಯದಲ್ಲಿ ನೂರಕ್ಕೆ 18. ಎಷ್ಟೇ ಕಳೆದರೂ ಉಳಿದದ್ದು ಕಡಿಮೆ ಆಗಲಿಲ್ಲ. ಕಟ್ಟಿ ಬಂದ ದಿನ ಅವರ ಮನೆಯಲ್ಲಿ ಯಾರೂ ಟಿವಿ ಹಾಕಲಿಲ್ಲ.

ಈ ಲೆಕ್ಕ ಆರ್‌ಟಿಓದ್ದು ಮಾತ್ರ ಅಂದುಕೊಂಡಿದ್ದ. ಅಲ್ಲ. ಆ ಕಾರಿಗೆ ಸಂಬಂಧಪಟ್ಟವರೆಲ್ಲರ ಲೆಕ್ಕವೂ ಅದೇ. 62 ಲಕ್ಷದ ಕಾರು 13 ಲಕ್ಷಕ್ಕೆ ಇಳಿದಾಗ ಇಳಿದದ್ದು ಬೆಲೆ ಒಂದೇ. ವಾಟರ್ ಪಂಪಿಗೆ ಅದು ಗೊತ್ತಿಲ್ಲ. ಗೇರ್‌ಬಾಕ್ಸಿಗೆ ಯಾರೂ ಹೇಳಿಲ್ಲ. ಟೈರುಗಳು ಈಗಲೂ ತಾವು 62 ಲಕ್ಷದ ಮನೆತನದವು ಅಂದುಕೊಂಡೇ ಬದುಕುತ್ತಿವೆ. ಜಮೀನೆಲ್ಲ ಹೋದರೂ ಮೂರು ಹೊತ್ತು ಹೋಳಿಗೆ ಕೇಳುವ ಹಳೇ ಪಟೇಲರ ಮನೆ ಇರುತ್ತಲ್ಲ, ಹಾಗೆ.

ವಾಟರ್ ಪಂಪಿನದ್ದೇ ನೋಡಿ. ಇಂಥ ಕಾರುಗಳಲ್ಲಿ ಅದು ಬೆಲ್ಟಿನಿಂದ ತಿರುಗುವುದಿಲ್ಲ, ಕರೆಂಟಿನದು. ಸಾಯುವ ಮುಂಚೆ ಕೀಚಲು ಶಬ್ದ ಇಲ್ಲ, ಸೋರಿಕೆ ಇಲ್ಲ. ಒಂದು ದಿನ ಹದಡಿ ರಸ್ತೆಯಲ್ಲಿ ಸೈಲೆಂಟಾಗಿ ಹೋಯಿತು. ಕಾರು ಕೆಂಪು ದೀಪ ತೋರಿಸಿ ಕುಂಟತೊಡಗಿತು. ಅದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರೂ ಲಿಂಪ್ ಮೋಡ್, ಅಂದರೆ ಕುಂಟುವ ನಡಿಗೆ. ಪಕ್ಕದಲ್ಲಿ ಹುಲ್ಲು ತುಂಬಿದ ಎತ್ತಿನ ಗಾಡಿ ಇದನ್ನು ಹಿಂದೆ ಹಾಕಿ ಹೋಯಿತು. ಎತ್ತು ಎರಡೇ ಇದ್ದವು.

ಪಿ.ಬಿ. ರೋಡಿನ ಗ್ಯಾರೇಜ್ ಮೇಸ್ತ್ರಿಯನ್ನು ಕರೆಸಿದೆವು. ಮೂವತ್ತು ವರ್ಷದಿಂದ ಅಂಬಾಸಿಡರ್, ಜೀಪು, ಟೆಂಪೋ ಬಿಚ್ಚಿ ಜೋಡಿಸಿದ ಮನುಷ್ಯ. ಬಾನೆಟ್ ಎತ್ತಿಸಿದ. ಒಳಗೆ ಈ ತುದಿಯಿಂದ ಆ ತುದಿವರೆಗೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಸ್ವಲ್ಪ ಹೊತ್ತು ನೋಡಿದ.

"ಇಂಜಿನ್ ಎಲ್ಲೈತಿ ಯಜಮಾನ್ರೇ?"

"ಅದರ ಕೆಳಗೆ."

"ಹಂಗಾರೆ ಇರಲಿ ಬಿಡ್ರಿ, ಮುಟ್ಟದು ಬ್ಯಾಡ" ಅಂದು ಬಾನೆಟನ್ನು ದೇವರ ಕೋಣೆಯ ಬಾಗಿಲಿನಂತೆ ಮೆಲ್ಲಗೆ ಮುಚ್ಚಿದ. ಚಹಾದ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಇಡೀ ಹದಿನಾಲ್ಕು ತಿಂಗಳಲ್ಲಿ ಈ ಕಾರಿಗೆ ಪ್ರಾಮಾಣಿಕ ಸಲಹೆ ಕೊಟ್ಟವನು ಅವನೊಬ್ಬನೇ.

ಸರಿ, ಬೆಂಗಳೂರಿಗೆ ಕಳಿಸಬೇಕು. ಸುಮಾರು 260 ಕಿಲೋಮೀಟರ್. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ, ಗೇರ್‌ಬಾಕ್ಸ್ ಸುಡುತ್ತದೆ. ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಆ ಲಾರಿ ಡ್ರೈವರ್ ಈಗ ನಮ್ಮ ಮನೆಯ ಮದುವೆ, ಮುಂಜಿಗೆಲ್ಲ ಬರುತ್ತಾನೆ.

ಎರಡನೇ ಸಲ ಹೋದಾಗ ಅಲ್ಲಿನ ವರ್ಕ್‌ಶಾಪಿನಲ್ಲಿ ಹೊಸ ರೋಗ ಹೇಳಿದರು. ವಾಲ್ವಿನಲ್ಲಿ ಮಸಿ ಕಟ್ಟಿದೆಯಂತೆ. ಹಳೇ ಇಂಜಿನ್ನಿನಲ್ಲಿ ಪೆಟ್ರೋಲು ವಾಲ್ವನ್ನು ತೊಳೆದುಕೊಂಡೇ ಒಳಗೆ ಹೋಗುತ್ತಿತ್ತು. ಇದರಲ್ಲಿ ನೇರ ಸಿಲಿಂಡರಿಗೇ ಚಿಮ್ಮುತ್ತದೆ. ಹಾಗಾಗಿ ವಾಲ್ವಿಗೆ ಸ್ನಾನವೇ ಇಲ್ಲ. ಹಬೆಯ ಎಣ್ಣೆ ಅಂಟಿ ಅಂಟಿ ಒಲೆ ಮೇಲಿನ ಜಂತಿಯ ಹಾಗೆ ಆಗಿದೆ. ಇದಕ್ಕೆ ಮದ್ದು ಏನು ಗೊತ್ತಾ? ಅಕ್ರೋಟ್ ಚಿಪ್ಪು. ತಮಾಷೆ ಅಲ್ಲ. ಅಕ್ರೋಟಿನ ಚಿಪ್ಪನ್ನು ರವೆಯಂತೆ ಪುಡಿ ಮಾಡಿ, ಗಾಳಿಯ ಒತ್ತಡದಲ್ಲಿ ವಾಲ್ವಿಗೆ ಊದಿ ಮಸಿ ಉದುರಿಸುತ್ತಾರೆ. ಲೋಹಕ್ಕೆ ಗಾಯ ಆಗುವುದಿಲ್ಲ, ಮಸಿ ಹೋಗುತ್ತದೆ. ಜಗತ್ತಿನಾದ್ಯಂತ ಹೀಗೇ ಮಾಡುತ್ತಾರೆ.

ಷಡ್ಡಕ ಮೂವತ್ತು ಸಾವಿರದ ಎಸ್ಟಿಮೇಟ್ ನೋಡಿದ. ಆಮೇಲೆ ಬಹಳ ಗಂಭೀರವಾಗಿ ಕೇಳಿದ: "ಅಡಿಕೆ ಸಿಪ್ಪೆ ನಡೆಯಲ್ವಾ ಸರ್? ನಮ್ಮನೇಲಿ ಲೋಡ್‌ಗಟ್ಟಲೆ ಬಿದ್ದದೆ."

ನಡೆಯುವುದಿಲ್ಲವಂತೆ. ಚನ್ನಗಿರಿ ತಾಲ್ಲೂಕಿನ ಬೆಳೆಗಾರರಿಗೆ ಒಂದು ಹೊಸ ಮಾರುಕಟ್ಟೆ ಅಲ್ಲೇ ತಪ್ಪಿಹೋಯಿತು.

ಮೂರನೇ ಸಲ ಗೇರ್‌ಬಾಕ್ಸ್ ಆಯಿಲ್. ಕಾರಿನ ಪುಸ್ತಕದಲ್ಲಿ ಇದು ಲೈಫ್‌ಟೈಮ್ ಆಯಿಲ್, ಬದಲಿಸುವ ಅಗತ್ಯವಿಲ್ಲ ಅಂತಿದೆ. ಅಲ್ಲಿ ಹೋದರೆ "ಬದಲಿಸಲೇಬೇಕು ಸರ್" ಅಂದರು. ಪುಸ್ತಕದಲ್ಲಿ ಲೈಫ್ ಅಂತಿದೆಯಲ್ಲಾ ಅಂದರೆ, "ಆ ಲೈಫ್ ಮುಗೀತು ಸರ್" ಅಂದರು. ಅವರ ಮಾತೇ ಸರಿ. ಗೇರ್‌ಬಾಕ್ಸ್ ತಯಾರಿಸುವ ಕಂಪನಿಗಳೇ ಲಕ್ಷ ಕಿಲೋಮೀಟರ್ ಆಸುಪಾಸಿನಲ್ಲಿ ಬದಲಿಸಿ ಅನ್ನುತ್ತವೆ. ಲೈಫ್ ಅಂದರೆ ಮೊದಲ ಯಜಮಾನನ ಲೈಫ್. ಎರಡನೆಯವನದ್ದು ಪುನರ್ಜನ್ಮ. ಅದಕ್ಕೆ ಬೇರೆ ಬಿಲ್ಲು.

ಟೈರಿನ ಕಥೆ ಚಿಕ್ಕದು. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ, ಎಲ್ಲಾ ರನ್‌ಫ್ಲಾಟ್. ಗಾಳಿ ಹೋದರೂ 80 ಕಿಲೋಮೀಟರ್ ವೇಗದಲ್ಲಿ 80 ಕಿಲೋಮೀಟರ್ ಹೋಗಬಹುದು ಅನ್ನುವ ಲೆಕ್ಕ. ಭರಮಸಾಗರದ ಹತ್ತಿರ ಮೊಳೆ ಚುಚ್ಚಿತು. ಊರಿಗೆ ಬಂದ, ನಿಜ. ಆ ಅಳತೆಯ ಟೈರು ಊರಿನಲ್ಲಿ ಸಿಗಲಿಲ್ಲ. ಹಿಂದಿನದ್ದು ಅಗಲ, ಮುಂದಿನದ್ದು ಕಿರಿದು, ಅದಲುಬದಲು ಮಾಡುವಂತೆಯೂ ಇಲ್ಲ. ಹನ್ನೊಂದು ದಿನ ಮನೆ ಮುಂದೆ ಮೂರು ಕಾಲಿನ ಮೇಲೆ ನಿಂತಿತ್ತು.

ಇನ್ನು ಹಂಪು. ರೋಡ್ ಹಂಪ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮ ಓಣಿಯ ಹಂಪುಗಳು ಆ ಪುಸ್ತಕ ಓದಿಲ್ಲ. ಮನೆ ಕಟ್ಟಿ ಉಳಿದ ಕಾಂಕ್ರೀಟಿನಲ್ಲಿ, ಪಕ್ಕದ ಮನೆಯವರ ಮೇಲಿನ ಸಿಟ್ಟು ಬೆರೆಸಿ ಕಟ್ಟಿದವು. ಕಾರಿನ ಹೊಟ್ಟೆಗೂ ನೆಲಕ್ಕೂ ಒಂದು ಗೇಣೂ ಇಲ್ಲ. ಹಾಗಾಗಿ ಷಡ್ಡಕ ಹಂಪು ಬಂದಾಗಲೆಲ್ಲ ಹೆಂಡತಿಯನ್ನು, ಇಬ್ಬರು ಮಕ್ಕಳನ್ನು ಕೆಳಗಿಳಿಸಿ, ಕಾರನ್ನು ಓರೆಯಾಗಿ ಹತ್ತಿಸಿ, ಆಚೆ ಕಡೆ ಮತ್ತೆ ಹತ್ತಿಸಿಕೊಳ್ಳುತ್ತಾನೆ. ಮೀಟರಿನಲ್ಲಿ ಗಂಟೆಗೆ 250 ಅಂತ ಬರೆದಿದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾನೂನು ಬಿಡುವುದು 100. ಗುಂಡಿ ಸರ್ಕಲ್ ಬಿಡುವುದು ಹನ್ನೆರಡು. ಗುಂಡಿ ಅನ್ನುವುದು ಆ ಸರ್ಕಲ್ಲಿನ ಹೆಸರು, ರಸ್ತೆಯ ವರ್ಣನೆ ಅಲ್ಲ. ಎರಡೂ ಹೊಂದಿಕೊಂಡಿದ್ದರೆ ನಾನೇನು ಮಾಡಲಿ.

ಇಷ್ಟೆಲ್ಲ ಆದ ಮೇಲೂ ಅವನು ದಡ್ಡ ಅಂತ ಹೇಳಲು ನನಗೆ ಧೈರ್ಯ ಇಲ್ಲ. ಯಾಕೆಂದರೆ ಊರು ಅವನ ಕಡೆಗಿದೆ.

ನನ್ನದು ಹನ್ನೆರಡು ವರ್ಷದ ಸಣ್ಣ ಕಾರು. ಮೂರು ಲೀಟರ್ ಆಯಿಲ್ ಕುಡಿದು ವರ್ಷವಿಡೀ ತಕರಾರಿಲ್ಲದೆ ಓಡುತ್ತದೆ. ಕಲ್ಯಾಣ ಮಂಟಪಕ್ಕೆ ಹೋದರೆ ವಾಚ್‌ಮನ್ ಸೀಟಿ ಊದಿ "ಹಿಂದೆ ಹಿಂದೆ, ಚರಂಡಿ ಪಕ್ಕ" ಅನ್ನುತ್ತಾನೆ. ಷಡ್ಡಕನ ಕಾರು ಬಂದರೆ ಅದೇ ವಾಚ್‌ಮನ್ ಎರಡು ಬೈಕು ಸರಿಸಿ ಬಾಗಿಲ ಮುಂದೆಯೇ ಜಾಗ ಮಾಡುತ್ತಾನೆ. ಹೋದ ಮಾಘದಲ್ಲಿ ಒಂದು ಮದುವೆಯಲ್ಲಿ ಮದುಮಗನನ್ನು ಕೂರಿಸಿ ಮೆರವಣಿಗೆ ಮಾಡಲು ಅದೇ ಕಾರು ಬೇಕು ಅಂದರು. ಮದುಮಗ ಕೂತ. ಬಟನ್ ಒತ್ತಿದರೆ ಉಸಿರಿಲ್ಲ. ಬ್ಯಾಟರಿ ಹೋಗಿದೆ. ಬೇರೆ ಹಾಕೋಣ ಅಂದರೆ, ಹೊಸ ಬ್ಯಾಟರಿಯನ್ನು ಕಾರಿನ ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕು. ಅಂಗಡಿಯಿಂದ ತಂದು ಸಿಕ್ಕಿಸಿದರೆ ಅದಕ್ಕೆ ಸಮಾಧಾನ ಇಲ್ಲ. ಗೋತ್ರ, ಸೂತ್ರ ಎಲ್ಲಾ ಹೇಳಬೇಕು.

ಆಗ ಏನಾಯಿತು ಅಂದುಕೊಂಡಿರಿ? ಯಾರೂ ನಗಲಿಲ್ಲ. ಎಂಟು ಹುಡುಗರು ಹಿಂದಿನಿಂದ ತಳ್ಳಿದರು. ಬ್ಯಾಂಡಿನವರು ತಳ್ಳುವ ವೇಗಕ್ಕೆ ತಾಳ ಹೊಂದಿಸಿಕೊಂಡರು. ವಿಡಿಯೋದವನು "ಸಾರ್, ಹಿಂಗೇ ಸ್ಲೋ ಬರ್ಲಿ, ಚೆನ್ನಾಗಿ ಬರ್ತದೆ" ಅಂದ. ಹೆಣ್ಣಿನ ಕಡೆಯ ಹಿರಿಯರೊಬ್ಬರು ನನ್ನ ಕಿವಿಯಲ್ಲಿ "ಎಷ್ಟು ಸೈಲೆಂಟ್ ಇಂಜಿನ್ ಅಲ್ವಾ?" ಅಂದರು. ಹೌದು ಅಂದೆ.

ಮೊನ್ನೆ ಕೂತು ಲೆಕ್ಕ ಹಾಕಿದೆವು. ಕಾರಿನ ಬೆಲೆ, ಲೈಫ್ ಟ್ಯಾಕ್ಸ್, ಪೆಟ್ರೋಲ್ ಎಲ್ಲಾ ಬಿಟ್ಟು ಬರೀ ರಿಪೇರಿ, ಟೈರು, ಲಾರಿ ಬಾಡಿಗೆಗೆ ಹದಿನಾಲ್ಕು ತಿಂಗಳಲ್ಲಿ ಹೋದದ್ದು 3 ಲಕ್ಷದ 75 ಸಾವಿರ. ಕಾರು ಓಡಿದ್ದು 2,500 ಕಿಲೋಮೀಟರ್. ಕಿಲೋಮೀಟರಿಗೆ 150 ರೂಪಾಯಿ. ಅಂದರೆ ಒಂದೊಂದು ಕಿಲೋಮೀಟರಿಗೆ ಎರಡೆರಡು ಬೆಣ್ಣೆ ದೋಸೆ. ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 7,897. 1,500 ಸಿಸಿ ದಾಟಿದ ಯಾವ ಕಾರಿಗೂ ಅಷ್ಟೇ. ಈ ಕಾರನ್ನು ಬೇರೆ ಕಾರುಗಳ ಸಮಾನವಾಗಿ ನೋಡಿದ ಏಕೈಕ ಬಾಬತ್ತು ಅದು. ಚಿತ್ರದುರ್ಗದ ಪಾಳೆಯಗಾರರೂ ಕುದುರೆ ಸಾಕಿದ್ದರು. ಅವರಿಗೆ ಕಂದಾಯ ಬರುತ್ತಿತ್ತು.

ಲೆಕ್ಕದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ದೆಹಲಿಯಿಂದ ಬಂದದ್ದು ಹತ್ತಿರಹತ್ತಿರ 2,000 ಕಿಲೋಮೀಟರ್, ಬೆಂಗಳೂರಿಗೆ ಮೂರು ಸಲ ಹೋದದ್ದು 780. ಸ್ವಂತ ಚಕ್ರದ ಮೇಲೆ ಓಡಿದ್ದಕ್ಕಿಂತ ಲಾರಿ ಮೇಲೆ ಕೂತು ತಿರುಗಿದ್ದೇ ಜಾಸ್ತಿ.

ಇದನ್ನು ಕೇಳಿ ಷಡ್ಡಕನ ಹೆಂಡತಿ, ನನ್ನ ನಾದಿನಿ, ಸ್ಕೂಟರ್ ಕೀಲಿ ತೆಗೆದುಕೊಂಡು ತರಕಾರಿಗೆ ಹೋದಳು. ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು. ಅದೇ ಸಂಜೆ ಕಾರು ಮಾರುವುದು ಅಂತ ತೀರ್ಮಾನವಾಯಿತು.

ಭಾನುವಾರ ಚಿತ್ರದುರ್ಗದಿಂದ ಪಾರ್ಟಿ ಬಂತು. ಅಪ್ಪ, ಮಗ, ಸೋದರಮಾವ. ಮಗ ಬಾನೆಟ್ ಎತ್ತಲೂ ಇಲ್ಲ. ಮುಂದಿನ ಲಾಂಛನವನ್ನು ಹೆಬ್ಬೆರಳಿನಿಂದ ಒರೆಸಿ, ಕಾರಿಗೆ ಒರಗಿ ಫೋಟೋ ತೆಗೆಸಿಕೊಂಡ. ಅಪ್ಪ ಕೇಳಿದರು: "ಜಾಸ್ತಿ ಓಡೈತೇನ್ರಿ?"

"ಇಲ್ಲ ಯಜಮಾನ್ರೇ. ಹದಿನಾಲ್ಕು ತಿಂಗಳಲ್ಲಿ ಬರೀ ಎರಡೂವರೆ ಸಾವಿರ" ಅಂದ ಷಡ್ಡಕ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಡಾಕ್ಟರ್ ಗಾಡಿನಾ?" ಸೋದರಮಾವ ಕೇಳಿದರು.

"ಹ್ಞೂಂ, ಮೊದಲು ಡಾಕ್ಟರದ್ದೇ."

ವ್ಯಾಪಾರ ಒಂಬತ್ತೂವರೆ ಲಕ್ಷಕ್ಕೆ ಕುದುರಿತು. ಹುಡುಗ ಅಪ್ಪನ ಕಡೆ ತಿರುಗಿ, "ಐವತ್ತೆರಡೂವರೆ ಲಕ್ಷ ಉಳೀತಪ್ಪಾ" ಅಂದ. ನಾನು ಗಂಟಲು ಸರಿ ಮಾಡಿಕೊಂಡೆ. ಷಡ್ಡಕ ನನ್ನ ಕಾಲು ತುಳಿದ.

ಆದರೂ ಮನಸ್ಸು ಕೇಳಲಿಲ್ಲ. ದುರ್ಗ ಇಲ್ಲಿಂದ ಅರವತ್ತು ಕಿಲೋಮೀಟರ್, ನಡುವೆ ನಿಂತರೆ ಕಷ್ಟ ಅಂತ, "ಓಡಿಸಿಕೊಂಡು ಹೋಗ್ತೀರಾ, ಇಲ್ಲಾ ಲಾರಿ ಹೇಳಲಾ? ನಮಗೆ ಗೊತ್ತಿರೋನು ಒಬ್ಬ ಇದಾನೆ" ಅಂದೆ.

ಅಪ್ಪ, ಮಗ, ಸೋದರಮಾವ ಮೂವರೂ ಮುಖ ಮುಖ ನೋಡಿಕೊಂಡರು. ಸೋದರಮಾವನ ಕಣ್ಣು ಅರಳಿತು.

"ಲಾರೀನೇ ಹೇಳ್ರಿ" ಅಂದರು. "ಲಾರಿ ಮ್ಯಾಲೆ ಬಂದ್ರೆ ಊರಾಗೆ ಎಲ್ಲಾರೂ ಹೊಸಾದು ಅನ್ಕಂತಾರೆ."