ಅಮ್ಮನ ಫೋನಿಗೆ ಯಜಮಾನ ಯಾರು ಮಾರಾಯ್ರೆ?

ಉಡುಪಿ ಕಡೆಯ ಶಂಕರಪುರದಲ್ಲಿ ಅಮ್ಮನಿಗೆ ಇಪ್ಪತ್ತು ಮಲ್ಲಿಗೆ ಗಿಡ ಉಂಟು. ದಿನಾ ಎಷ್ಟು ಚೆಂಡು (ಕಟ್ಟಿದ ಹೂವಿನ ಉಂಡೆ) ಕೊಟ್ಟದ್ದು, ಅಟ್ಟೆಗೆ ಎಷ್ಟು ರೇಟು ಬಂದದ್ದು ಎಂಬ ಲೆಕ್ಕಕ್ಕೆ ಅಕ್ಕನ ಮಗ ಒಂದು ಸಣ್ಣ ಆ್ಯಪ್ ಮಾಡಿಕೊಟ್ಟ. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಷ್ಟೇ ಗಣಿತ. ಹಾಕಲು ಹೋದರೆ ಫೋನು ಬಿಡಬೇಕಲ್ಲ! ಪ್ಲೇ ಸ್ಟೋರಿನಿಂದ ಬಂದದ್ದಲ್ಲ, ಹಾಗಾಗಿ ‘ಅಪರಿಚಿತ ಮೂಲ’ವಂತೆ. ನಮ್ಮ ಮನೆಯ ಹುಡುಗ ಅಪರಿಚಿತ! ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಕೊಟ್ಟೆ, ಕೆಂಪು ಎಚ್ಚರಿಕೆ ದಾಟಿದೆ, ಮತ್ತೆ ‘ಹಾನಿಕಾರಕ’ ಎಂದು ತಡೆಯಿತು. ಅದೇ ಫೋನಿನಲ್ಲಿ ಕಂಪನಿಯವರೇ ತುಂಬಿಸಿ ಕಳಿಸಿದ ರಮ್ಮಿ, ಸಾಲದ ಆ್ಯಪ್‌ಗಳು ಆರಾಮಾಗಿ ಕೂತಿವೆ. ತೆಗೆಯಲೂ ಬರುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಆರ್‌ಟಿಒ ಚಲನ್ ಎಂದು ಬರುವ ಎಪಿಕೆ (ಆ್ಯಪ್ ಹಾಕುವ ಫೈಲು) ಒತ್ತಿ ದುಡ್ಡು ಕಳೆದುಕೊಂಡವರು ಇದ್ದಾರೆ, ಒಪ್ಪಿದೆ. ಎಚ್ಚರಿಸಲಿ, ಎರಡು ಸಲ ಬೇಕಾದರೂ ಕೇಳಲಿ. ಆದರೆ ಕೊನೆಯ ಮಾತು ದುಡ್ಡು ಕೊಟ್ಟವರದ್ದಲ್ವಾ?

2022ರ ಅಕ್ಟೋಬರಿನಲ್ಲಿ ನಮ್ಮ ದೇಶದ ಸ್ಪರ್ಧಾ ಆಯೋಗ, ಇಂಥ ಫೋನುಗಳ ಆ್ಯಂಡ್ರಾಯ್ಡ್ ಮಾಡುವ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕುವುದಕ್ಕೆ ಅಡ್ಡಿ ಮಾಡಬೇಡಿ ಎಂದೂ ಹೇಳಿತ್ತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ, ಈ ಸೂಚನೆಯೂ ಸೇರಿ ಕೆಲವನ್ನು ಕೈಬಿಟ್ಟಿತು. ಯುರೋಪಿನಲ್ಲಿ ಕಾನೂನು ಬಂದ ಮೇಲೆ 2024ರಲ್ಲಿ ಆ್ಯಪಲ್ ಕೂಡ ಬೇರೆ ಆ್ಯಪ್ ಅಂಗಡಿಗಳಿಗೆ ಬಾಗಿಲು ತೆರೆಯಿತು. ಆಗ ಅಲ್ಲಿಯವರಿಗೆ ಮಾತ್ರ.

ಅಮ್ಮ ಈಗ ಪುನಃ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಾರೆ. “ಇದಕ್ಕೆ ಯಾರ ಪರ್ಮಿಶನ್ನೂ ಬೇಡ” ಅಂತಾರೆ.