ಫ್ಲೈಟ್ ಇನ್‌ಸ್ಟ್ರಕ್ಟರ್‌ಗೆ ತಿಂಗಳ ಸಂಬಳ ಕೊಡಿ

ನಾನು ಫ್ಲೈಟ್ ಇನ್‌ಸ್ಟ್ರಕ್ಟರ್. ಊರು ಶಿರಸಿ ಕಡೆ, ಕೆಲಸ ಘಟ್ಟದಾಚೆ ಬಯಲುಸೀಮೆಯ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ. ಮಳೆಗಾಲದಲ್ಲಿ ಮನೆಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಕೂಸೇ, ದೊಡ್ಡ ವಿಮಾನ ಹತ್ತದು ಯಾವಾಗ?" ಪ್ರೀತಿಯಿಂದಲೇ ಕೇಳುತ್ತಾರೆ, ಬೇಸರವಿಲ್ಲ. ಆದರೆ ಕಲಿಸುವುದು ಅಂದರೆ ಏರ್‌ಲೈನ್ ಕರೆಯುವ ತನಕ ಗಂಟೆ ಕೂಡಿಸಿಕೊಳ್ಳುವ ಕೆಲಸ ಅಂತ ಊರಿನವರಷ್ಟೇ ಅಲ್ಲ, ಎಷ್ಟೋ ಸ್ಕೂಲು ನಡೆಸುವವರೂ ನಂಬಿದ್ದಾರೆ. ಅದಕ್ಕೇ ಹಾರಿದ ಗಂಟೆಗೆ ಇಷ್ಟು ಅಂತ ಸಂಬಳ. ಈ ಪದ್ಧತಿ ನಿಲ್ಲಬೇಕು ಅಂತ ಹೇಳೋಕೇ ಇವತ್ತು ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಲೆಕ್ಕ. ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಸಿಗಬೇಕಾದರೆ ಕನಿಷ್ಠ 200 ಗಂಟೆ ಹಾರಿರಬೇಕು, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತು. ಜೊತೆಗೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳು, ಮೆಡಿಕಲ್. ಖರ್ಚು 50 ಲಕ್ಷದ ಆಸುಪಾಸು. ಆಮೇಲೆ ಏರ್‌ಬಸ್ 320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗ್‌ಗೆ, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ, ಮತ್ತೆ ಲಕ್ಷ ಲಕ್ಷ ಸುರಿಯಬೇಕು. ಇಷ್ಟೆಲ್ಲ ಆದ ಮೇಲೂ ಕೆಲಸ ಕೂಡಲೇ ಸಿಗುತ್ತದೆ ಅಂತಿಲ್ಲ, ಬ್ಯಾಂಕಿನ ಕಂತು ಮಾತ್ರ ಒಂದು ತಿಂಗಳೂ ತಪ್ಪುವುದಿಲ್ಲ. ಹಾಗಾಗಿ ನನ್ನಂಥವರು ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಕೊಂಡು ಕಲಿಸಲು ಸೇರುತ್ತೇವೆ. ಕೈಗೆ ನಾಲ್ಕು ಕಾಸು ಬರುತ್ತದೆ, ಲಾಗ್‌ಬುಕ್ಕಿಗೆ ಗಂಟೆ ಬರುತ್ತದೆ. ಮುಂದೆ ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸ್ ಎಟಿಪಿಎಲ್‌ಗೆ 1500 ಗಂಟೆ ಬೇಕು, ಅದಕ್ಕೂ ಇದು ಸೇರುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ನನ್ನ ಪುಸ್ತಕದಲ್ಲಿ ಬರೆದುಕೊಂಡ ಅದೇ ಗಂಟೆಯನ್ನು ಪಕ್ಕದಲ್ಲಿ ಕೂತ ಹುಡುಗನೂ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನನಗೆ ಆ ಗಂಟೆಗೆ ದುಡ್ಡು ಸಿಗುತ್ತದೆ, ಅವನ ಅಪ್ಪ ಆ ಗಂಟೆಗೆ ದುಡ್ಡು ಕಟ್ಟಿರುತ್ತಾರೆ, ಎಷ್ಟೋ ಸಲ ತೋಟ ಅಡವಿಟ್ಟು. ಆ ಗಂಟೆಯಲ್ಲಿ ಅವನು ಏನು ಕಲಿತ ಅನ್ನುವುದೇ ಮುಖ್ಯ ಅಲ್ವಾ?

ಕಲಿಸುವುದು ಅಂದರೆ ಏನು ಅಂತ ಒಂದು ಲ್ಯಾಂಡಿಂಗ್ ಹೇಳುತ್ತೇನೆ. ನಮ್ಮ ಪುಟ್ಟ ವಿಮಾನ ಸೆಸ್ನಾ 172 ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಂತದಲ್ಲಿ, ಬರುತ್ತಿದೆ. ಹುಡುಗನ ಕಣ್ಣು ಮೂತಿಯ ಮುಂದಿನ ಡಾಂಬರಿಗೇ ಅಂಟಿಕೊಂಡಿದೆ. ರನ್‌ವೇಯ ಆ ತುದಿ ನೋಡು ಅಂತ ಎಷ್ಟು ಹೇಳಿದರೂ ಹೊಸಬರಿಗೆ ಆಗುವುದಿಲ್ಲ, ನೆಲ ಎದ್ದು ಬರುತ್ತಿದೆ ಅನಿಸಿ ಹೆದರಿ ಕಂಟ್ರೋಲನ್ನು ಸಟಕ್ಕನೆ ಎಳೆದುಬಿಡುತ್ತಾರೆ. ವಿಮಾನ ಇಳಿಯುವ ಬದಲು ಮೇಲಕ್ಕೆ ತೇಲುತ್ತದೆ, ವೇಗ ಕರಗುತ್ತದೆ. ಈಗ ಅವನು ಗಾಬರಿಯಲ್ಲಿ ಮೂತಿ ಕೆಳಗೆ ಒತ್ತಿದರೆ ಮುಂದಿನ ಚಕ್ರ ಮೊದಲು ಬಡಿಯುತ್ತದೆ, ಪ್ರೊಪೆಲ್ಲರ್ ನೆಲಕ್ಕೆ ತಾಗಲೂಬಹುದು. ನನ್ನ ಕೈ ಕಂಟ್ರೋಲಿನಿಂದ ಎರಡು ಬೆರಳು ಹಿಂದೆ ಇರುತ್ತದೆ. ತೆಗೆದುಕೊಂಡುಬಿಟ್ಟರೆ ಅವನು ಕಲಿಯುವುದಿಲ್ಲ, ತಡ ಮಾಡಿದರೆ ಇಬ್ಬರಿಗೂ ಅಪಾಯ. ಅವನೇ ಪವರ್ ಕೊಟ್ಟು, ಇಳಿಯದೆ ಮತ್ತೆ ಮೇಲೇರಿ ಗೋ ಅರೌಂಡ್ ಮಾಡುತ್ತಾನಾ ಅಂತ ಕಾಯುವ ಆ ಒಂದೆರಡು ಸೆಕೆಂಡುಗಳಲ್ಲೇ ನಮ್ಮ ಕೆಲಸ ಇರುವುದು. ಇಳಿದ ಮೇಲೆ ಟೇಬಲ್ ಮುಂದೆ ಕೂತು, ಏನಾಯಿತು, ಯಾಕಾಯಿತು, ಕಣ್ಣು ಎಲ್ಲಿತ್ತು ಅಂತ ಅರ್ಧ ಗಂಟೆ ಮಾತಾಡಬೇಕು. ಕಲಿಕೆ ಮನಸ್ಸಿನಲ್ಲಿ ನಿಲ್ಲುವುದು ಆಗ.

ಆ ಅರ್ಧ ಗಂಟೆಗೆ ಸಂಬಳ ಇಲ್ಲ. ಹಾರುವ ಮೊದಲಿನ ಬ್ರೀಫಿಂಗ್‌ಗೆ ಇಲ್ಲ. ರೆಕ್ಕೆಯ ಕೆಳಗಿನಿಂದ ಇಂಧನ ಬಸಿದು, ಬೆಳಕಿಗೆ ಹಿಡಿದು, ನೀರು ಸೇರಿದೆಯಾ ನೋಡು ಅಂತ ತೋರಿಸುವ ಹೊತ್ತಿಗೂ ಇಲ್ಲ. ಗಾಳಿ ಜಾಸ್ತಿ ಅಂತ ಹಾರಾಟ ರದ್ದಾದರೆ ಆ ದಿನವೇ ಸೊನ್ನೆ. ಇನ್ನು ಮಳೆಗಾಲದ ತಿಂಗಳುಗಳ ಕಥೆ ಕೇಳಲೇಬೇಡಿ.

ಹೀಗಾದಾಗ ಮನುಷ್ಯ ಸಹಜವಾಗಿ ಏನು ಮಾಡುತ್ತಾನೆ? ಬ್ರೀಫಿಂಗ್ ಮೊಟಕಾಗುತ್ತದೆ, ಒಂದು ಸಾರ್ಟಿ (ಒಂದು ಸುತ್ತಿನ ಹಾರಾಟ) ಮುಗಿದ ಕೂಡಲೇ ಮುಂದಿನದಕ್ಕೆ ಓಟ. ಹೊರಗೆ ಕಣ್ಣಿಂದ ನೋಡಿಕೊಂಡೇ ನಡೆಸುವ ಹಾರಾಟಕ್ಕೆ 5 ಕಿಲೋಮೀಟರ್ ದೂರ ಕಾಣಬೇಕು ಅಂತ ನಿಯಮ. ಬೆಳಗಿನ ಮಸುಕಿನಲ್ಲಿ ಅದು ಐದೋ ನಾಲ್ಕೋ ಅಂತ ಅನುಮಾನ ಇರುವಾಗ, ತಿಂಗಳ ಕಂತು ತಲೆಯಲ್ಲಿ ಕೂತಿದ್ದರೆ ಐದು ಅಂತಲೇ ಕಾಣುತ್ತದೆ. ಎಲ್ಲರೂ ಹಾಗೆ ಮಾಡುತ್ತಾರೆ ಅನ್ನುತ್ತಿಲ್ಲ. ತುಂಬಾ ಜನ ಗಟ್ಟಿಯಾಗಿ ಬೇಡ ಅಂದು ಆ ದಿನದ ದುಡ್ಡು ಬಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಆದರೆ ಸರಿಯಾದ ತೀರ್ಮಾನ ಮಾಡಿದವರ ಕಿಸೆಗೇ ಯಾಕೆ ಕತ್ತರಿ ಬೀಳಬೇಕು? ಅಡಿಕೆ ತೋಟಕ್ಕೆ ಕೊಳೆ ರೋಗದ ಮದ್ದು ಹೊಡೆಯಲು ನಾವು ಮಳೆ ಹೊಳವಾಗುವ ತನಕ ಕಾಯುತ್ತೇವೆ, ಜಾರುವ ಮರಕ್ಕೆ ಯಾರನ್ನೂ ಹತ್ತಿಸುವುದಿಲ್ಲ. ಅಷ್ಟು ವಿವೇಕ ಇಲ್ಲೂ ಬೇಕು.

ಅಮೆರಿಕದ ಉದಾಹರಣೆ ಕೊಡುವವರು ತುಂಬಾ ಇದ್ದಾರೆ. ಅಲ್ಲಿ ಏರ್‌ಲೈನ್ ಸೇರಲು, ಕೆಲವು ವಿನಾಯಿತಿ ಬಿಟ್ಟರೆ, 1500 ಗಂಟೆ ಬೇಕು. ಹಾಗಾಗಿ ಸುಮಾರು ಜನ ಕಲಿಸಿಯೇ ಆ ಗಂಟೆ ತುಂಬಿಸುತ್ತಾರೆ. ಆ ನಿಯಮ 2013ರಲ್ಲಿ ಬಂತು. ಕಾರಣ 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಆದ ಕೋಲ್ಗನ್ ಏರ್ ಅಪಘಾತ, 50 ಜನ ಸತ್ತರು. ಆದರೆ ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1500ಕ್ಕಿಂತ ಜಾಸ್ತಿ ಗಂಟೆ ಇತ್ತು! ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾಗದ ಸ್ಥಿತಿ) ಹತ್ತಿರ ಬಂತು ಅಂತ ಕಂಟ್ರೋಲ್ ನಡುಗಿ ಎಚ್ಚರಿಸಿದಾಗ ಕ್ಯಾಪ್ಟನ್ ಮೂತಿ ಇಳಿಸುವ ಬದಲು ಮೇಲಕ್ಕೆ ಎಳೆದರು. ಸ್ಟಾಲ್ ಬಂದರೆ ಮೊದಲು ಮೂತಿ ಇಳಿಸು ಅನ್ನುವುದು ನಾವು ಸೋಲೋಗೆ, ಅಂದರೆ ಒಬ್ಬನೇ ಹಾರಲು, ಬಿಡುವ ಮೊದಲೇ ಕಲಿಸುವ ಪಾಠ. ಆ ಪಾಠ ಹೇಳುವವರು ಗಡಿಯಾರ ನೋಡುತ್ತಾ ಕೂತಿರಬಾರದು.

ಸ್ಕೂಲು ನಡೆಸುವವರು ಹೇಳುವುದು, ವಿಮಾನ ಹಾರದಿದ್ದರೆ ನಮಗೂ ಆದಾಯ ಇಲ್ಲ, ಎಲ್ಲಿಂದ ಕೊಡೋಣ ಅಂತ. ಅವರ ಕಷ್ಟವೂ ನಿಜ. ಇಂಧನ, ಬಿಡಿಭಾಗ, ಇನ್ಶೂರೆನ್ಸ್ ಎಲ್ಲ ದುಬಾರಿ. ಆದರೆ ವಿಮಾನ ರಿಪೇರಿ ಮಾಡುವ ಎಂಜಿನಿಯರ್‌ಗೆ ಮಳೆಗಾಲದಲ್ಲೂ ತಿಂಗಳ ಸಂಬಳ ಕೊಡುತ್ತೀರಲ್ಲ? ಬಿಗಿದ ಬೋಲ್ಟಿಗೆ ಇಷ್ಟು ಅಂತ ಯಾರೂ ಕೊಡುವುದಿಲ್ಲ, ಕೊಟ್ಟರೆ ಆ ವಿಮಾನ ಹತ್ತಲು ನನಗೇ ಧೈರ್ಯ ಬರುವುದಿಲ್ಲ. ನಮಗೂ ಹಾಗೇ ಮಾಡಿ. ಮನೆ ಬಾಡಿಗೆ, ಊಟ, ಸಾಲದ ಕಂತು ಸಾಗುವಷ್ಟು ತಿಂಗಳ ಸಂಬಳ ಇರಲಿ, ಅದರ ಮೇಲೆ ಗಂಟೆ ಭತ್ಯೆ ಸ್ವಲ್ಪ ಇರಲಿ. ಬ್ರೀಫಿಂಗ್ ಕೆಲಸದ ಲೆಕ್ಕಕ್ಕೆ ಸೇರಲಿ. ಆಗ ಒಳ್ಳೆಯ ಇನ್‌ಸ್ಟ್ರಕ್ಟರ್‌ಗಳು ಇನ್ನೆರಡು ವರ್ಷ ನಿಲ್ಲುತ್ತಾರೆ. ಈಗಂತೂ ಕಲಿಸುವುದರಲ್ಲಿ ಕೈ ಪಳಗುವ ಹೊತ್ತಿಗೆ ಹೊರಟು ಹೋಗುತ್ತಾರೆ, ಹೊಸಬರು ಹೊಸಬರಿಗೆ ಕಲಿಸುತ್ತಾರೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ತಂದೆತಾಯಿಗಳಿಗೂ ಒಂದು ಮಾತು. ಕಾರವಾರದ ಕಡಲತೀರದಲ್ಲಿ ಮ್ಯೂಸಿಯಂ ಆಗಿರುವ ಹಳೆಯ ಯುದ್ಧನೌಕೆ ಐಎನ್‌ಎಸ್ ಚಾಪೆಲ್ ಪಕ್ಕ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ತಂದು ಇಟ್ಟ ಮೇಲೆ, ಅದನ್ನು ನೋಡಿ ಬಂದ ಮಕ್ಕಳು ಪೈಲಟ್ ಆಗಬೇಕು ಅನ್ನುತ್ತಿದ್ದಾರೆ ಅಂತ ಸುಮಾರು ಜನ ನನಗೆ ಫೋನ್ ಮಾಡುತ್ತಾರೆ. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗುವ ಮಾತು ಬಂದ ಮೇಲಂತೂ ಆಸೆ ಇನ್ನೂ ಹೆಚ್ಚಾಗಿದೆ. ತುಂಬಾ ಸಂತೋಷ, ಖಂಡಿತ ಕಳಿಸಿ. ದುಡ್ಡು ಕಟ್ಟುವ ಮೊದಲು ಮೆಡಿಕಲ್ ಮಾಡಿಸಿ, ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇದೆಯಾ ನೋಡಿ. ಆಮೇಲೆ ಬೆಳಗಾವಿಯೋ ಕಲಬುರಗಿಯೋ ಬಾರಾಮತಿಯೋ, ಎಲ್ಲಿ ಸೇರಿಸಿದರೂ ಸುಮ್ನೆ ಹ್ಯಾಂಗರ್ ನೋಡಿ, ಫೋಟೋ ತೆಗೆಸಿಕೊಂಡು ಬರಬೇಡಿ. ಕಲಿಸುವವರು ಎಷ್ಟು ವರ್ಷದಿಂದ ಇದ್ದಾರೆ, ಹಾರದ ದಿನ ಅವರಿಗೆ ಸಂಬಳ ಇದೆಯಾ ಅಂತ ನೇರವಾಗಿ ಕೇಳಿ. ಉತ್ತರ ಹೇಳಲು ತಡವರಿಸಿದರೆ ಅವತ್ತು ಚೆಕ್ ಬರೆಯದೆ ಮನೆಗೆ ವಾಪಸ್ ಬನ್ನಿ, ಇನ್ನೆರಡು ಸ್ಕೂಲು ನೋಡಿ ಆಮೇಲೆ ತೀರ್ಮಾನ ಮಾಡಿ.